ಮೆಟಾಲಿಕಾ: ಹಾಡು ಗಟ್ಟಿ, ಸೌಂಡ್ ಯಾಕೆ ಹೀಗೆ?

ಇವತ್ತಿನ ಮಾತು ಮೆಟಾಲಿಕಾ ಬಗ್ಗೆ. 2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನಕ್ಕೆ ಹೋಗಿದ್ದವರಿಗೆ ಪರಿಚಯ ಬೇಕಿಲ್ಲ. ಇವರ ಯಾವ ಆಲ್ಬಂ ಮೇಲು ಅನ್ನೋ ಜಗಳ ಯಾವಾಗಲೂ ಹಾಡುಗಳ ಮೇಲೇ ನಡೆಯುತ್ತೆ. ನನ್ನ ಪ್ರಕಾರ ಇವರು ಹೆಚ್ಚಾಗಿ ಎಡವಿದ್ದು ಹಾಡು ಕಟ್ಟುವುದರಲ್ಲಿ ಅಲ್ಲ, ರೆಕಾರ್ಡಿಂಗ್ ಮತ್ತು ಮಿಕ್ಸಿಂಗ್‌ನಲ್ಲಿ. ಇದು ಗೊತ್ತಿದ್ದರೆ, ಅರ್ಧಕ್ಕೇ ಬಿಟ್ಟ ಆಲ್ಬಂಗಳನ್ನೂ ಇನ್ನೊಮ್ಮೆ ಕೇಳಬಹುದು.

1983ರ ಕಿಲ್ ಎಮ್ ಆಲ್ ಬರೀ ವೇಗ, ಹುಡುಗಾಟದ ಹುರುಪು. ಹೆಟ್‌ಫೀಲ್ಡ್ ಗಂಟಲು ಇನ್ನೂ ಎಳಸು. ಒಂದೇ ವರ್ಷದಲ್ಲಿ ಬಂದ ರೈಡ್ ದಿ ಲೈಟ್ನಿಂಗ್ ಮತ್ತು 1986ರ ಮಾಸ್ಟರ್ ಆಫ್ ಪಪೆಟ್ಸ್ ಬೇರೆಯದೇ ಮಟ್ಟ. ಎರಡೂ ಕೋಪನ್‌ಹೇಗನ್‌ನಲ್ಲಿ ಫ್ಲೆಮಿಂಗ್ ರಾಸ್ಮುಸೆನ್ ಜೊತೆ ಮಾಡಿದ್ದು. ಬೇಸ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್‌ಗೆ ಸಂಗೀತಶಾಸ್ತ್ರ ಚೆನ್ನಾಗಿ ಗೊತ್ತಿತ್ತು. ಓರಿಯನ್ ಅನ್ನೋ ಟ್ರ್ಯಾಕ್‌ನಲ್ಲಿ ಹಾಡುವವರೇ ಇಲ್ಲ, ಆದರೂ ಎಂಟು ನಿಮಿಷ ಬೇಸರ ಆಗಲ್ಲ. 1986ರ ಸೆಪ್ಟೆಂಬರ್ 27ರಂದು ಸ್ವೀಡನ್‌ನಲ್ಲಿ ಬ್ಯಾಂಡಿನ ಬಸ್ ಉರುಳಿ ಬರ್ಟನ್ ತೀರಿಕೊಂಡರು. ವಯಸ್ಸು 24.

ಅವರ ಜಾಗಕ್ಕೆ ಬಂದವರು ಜೇಸನ್ ನ್ಯೂಸ್ಟೆಡ್. ಅವರ ಮೊದಲ ಪೂರ್ಣ ಆಲ್ಬಂ 1988ರ ಆಂಡ್ ಜಸ್ಟಿಸ್ ಫಾರ್ ಆಲ್. ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ಕೇಳಿ: ಬೇಸ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ!

ಯಾಕೆ ಹೀಗಾಯ್ತು? ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 82 ಹರ್ಟ್ಸ್, ಬೇಸಿನದು ಸುಮಾರು 41. ನ್ಯೂಸ್ಟೆಡ್ ಬಹುಪಾಲು ಗಿಟಾರಿನ ರಿಫ್ಫನ್ನೇ ಅದೇ ವೇಗದಲ್ಲಿ ಹಿಂಬಾಲಿಸಿ ನುಡಿಸಿದರು. ಹೆಟ್‌ಫೀಲ್ಡ್ ಗಿಟಾರ್ ಟೋನ್‌ನಲ್ಲಿ ನಡುವಿನ ಸ್ವರ ಕೆತ್ತಿಹಾಕಿ ಕೆಳಗಿನದನ್ನು ಉಬ್ಬಿಸಿದ್ದರಿಂದ ಬೇಸಿನ ಜಾಗವನ್ನೂ ಗಿಟಾರೇ ತಿಂದುಬಿಡ್ತು. ಅಲ್ಲಿಗೇ ಮುಗಿದಿದ್ದರೆ ತಾಂತ್ರಿಕ ಸಮಸ್ಯೆ ಅನ್ನಬಹುದಿತ್ತು. ಆದರೆ ಬೇಸ್ ಇಳಿಸಿ ಅಂತ ಹೇಳಿದ್ದೇ ಡ್ರಮ್ಮರ್ ಲಾರ್ಸ್ ಉಲ್ರಿಚ್ ಅಂತ ಮಿಕ್ಸ್ ಮಾಡಿದ ಸ್ಟೀವ್ ಥಾಂಪ್ಸನ್ ಆಮೇಲೆ ಹೇಳಿದ್ದಾರೆ.

ಆಲ್ಬಂನ ಮೊದಲ ಹಾಡು ಬ್ಲ್ಯಾಕೆನ್ಡ್. ಅದನ್ನು ಬರೆದವರಲ್ಲಿ ನ್ಯೂಸ್ಟೆಡ್ ಹೆಸರೂ ಇದೆ. ತಾನೇ ಬರೆದ ಹಾಡಲ್ಲಿ ತನ್ನ ವಾದ್ಯವೇ ಕೇಳಿಸಲ್ಲ. ಟೀಮಿಗೆ ಹೊಸದಾಗಿ ಸೇರಿ, ನಿದ್ದೆಗೆಟ್ಟು ಬರೆದ ಕೋಡು ರಿಲೀಸ್‌ನಲ್ಲಿ ಕಾಣದೇ ಹೋದರೆ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾ? 2018ರಲ್ಲಿ ರೀಮಾಸ್ಟರ್ ಬಂದಾಗಲೂ ಬೇಸ್ ಏರಿಸಲಿಲ್ಲ. ಅಭಿಮಾನಿಗಳೇ ಬೇಸ್ ಸೇರಿಸಿ ಮಾಡಿಕೊಂಡ ಮಿಕ್ಸ್‌ಗಳು ಯೂಟ್ಯೂಬ್‌ನಲ್ಲಿವೆ, ಕೇಳಿ. ಒನ್ ಥರದ ಹಾಡಿರೋ ಆಲ್ಬಂ ಇದು. ಒಂದೆರಡು ಹಾಡು ಅನಗತ್ಯವಾಗಿ ಉದ್ದ ಅನ್ನೋದು ಬಿಟ್ಟರೆ ರಚನೆಯಲ್ಲಿ ಇವರ ಅತ್ಯಂತ ಜಟಿಲ ಕೆಲಸ.

1991ರ ಕಪ್ಪು ಆಲ್ಬಂನಲ್ಲಿ ಪ್ರೊಡ್ಯೂಸರ್ ಬಾಬ್ ರಾಕ್ ಬೇಸ್ ವಾಪಸ್ ತಂದರು. ಸೌಂಡ್ ಅದ್ಭುತ. ಎರಡನೇ ಅರ್ಧ ಸ್ವಲ್ಪ ತೆಳು, ಆದರೆ ಅದನ್ನು ಕೇಳುವವರು ಕಡಿಮೆ ಬಿಡಿ. ಲೋಡ್, ರೀಲೋಡ್ ಎರಡನ್ನೂ ಸೇರಿಸಿ ಒಂದೇ ಆಲ್ಬಂ ಮಾಡಬಹುದಿತ್ತು. 2003ರ ಸೇಂಟ್ ಆಂಗರ್‌ನಲ್ಲಿ ಗಿಟಾರ್ ಸೋಲೋ ಇಲ್ಲ, ಸ್ನೇರ್ ಡ್ರಮ್ ಸದ್ದು ಪಾತ್ರೆ ಬಡಿದ ಹಾಗೆ. ಇದರಲ್ಲಿ ಮಾತ್ರ ಹಾಡುಗಳೂ ಸೋತಿವೆ.

2008ರ ಡೆತ್ ಮ್ಯಾಗ್ನೆಟಿಕ್ ನಿಜಕ್ಕೂ ಹೊಟ್ಟೆ ಉರಿಸುತ್ತೆ. ಹಾಡುಗಳು ಎಂಬತ್ತರ ದಶಕದ ಮೆಟಾಲಿಕಾನೇ, ಆದರೆ ಐದು ನಿಮಿಷಕ್ಕೆ ಕಿವಿ ದಣಿಯುತ್ತೆ. ಡಿಜಿಟಲ್ ಆಡಿಯೋಗೆ ಮೇಲ್ಮಿತಿ ಇದೆ. 16 ಬಿಟ್ ಸ್ಯಾಂಪಲ್ 32,767 ದಾಟಲ್ಲ. ಎಲ್ಲವನ್ನೂ ಜೋರು ಮಾಡಲು ಹೋಗಿ ಅಲೆಯ ತುದಿಗಳನ್ನು ಆ ಮಿತಿಗೆ ಒತ್ತಿ ಚಪ್ಪಟೆ ಮಾಡಿಬಿಟ್ಟರು. ಡ್ರಮ್ ಬಿದ್ದಾಗೆಲ್ಲ ಚರ್ ಅನ್ನುತ್ತೆ. ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್, ತನ್ನ ಕೈಗೆ ಬರುವ ಮೊದಲೇ ಅದು ಹಾಗಿತ್ತು ಅಂದಿದ್ದರು. ತಮಾಷೆ ಅಂದರೆ, ಗಿಟಾರ್ ಹೀರೋ ಅನ್ನೋ ವಿಡಿಯೋ ಗೇಮ್‌ಗೆ ಕೊಟ್ಟ ಅದೇ ಹಾಡುಗಳಲ್ಲಿ ಇಷ್ಟು ಒತ್ತಡ ಇರಲಿಲ್ಲ. ದುಡ್ಡು ಕೊಟ್ಟು ಸಿಡಿ ತಗೊಂಡವರಿಗಿಂತ ಆಟ ಆಡಿದವರಿಗೆ ಚೆನ್ನಾಗಿ ಕೇಳಿಸ್ತು.

2023ರ 72 ಸೀಸನ್ಸ್‌ನಲ್ಲಿ ಸೌಂಡ್ ಶುಭ್ರ. ಆದರೆ 77 ನಿಮಿಷ, ಕತ್ತರಿ ಹಾಕುವವರು ಯಾರೂ ಇರಲಿಲ್ಲ ಅನ್ಸುತ್ತೆ.

ಈ ವಾರಾಂತ್ಯ ಒಂದು ಕೆಲಸ ಮಾಡಿ. ಮೊದಲು ಓರಿಯನ್, ಆಮೇಲೆ ಬ್ಲ್ಯಾಕೆನ್ಡ್, ಕೊನೆಗೆ ಕಪ್ಪು ಆಲ್ಬಂನ ಸ್ಯಾಡ್ ಬಟ್ ಟ್ರೂ, ಇದೇ ಕ್ರಮದಲ್ಲಿ ಕೇಳಿ. ಗಿಟಾರ್ ಬಿಟ್ಟು ಬೇಸನ್ನೇ ಹುಡುಕಿ.