ವಿಲ್ಕಿಯ ಚಿತ್ರಪಟದಲ್ಲಿ ಶ್ರೀರಂಗಪಟ್ಟಣದ ಪತನ

ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಚಿತ್ರಕಾರರಿಗೆ ಬೈಬಲಿನ ಕಥೆಗಳೂ ಯುದ್ಧವೃತ್ತಾಂತಗಳೂ ಸಮಾನವಾಗಿ ಪ್ರಿಯವಾಗಿದ್ದುವು. ಅವರ ಪಟಗಳಲ್ಲಿ ಕನ್ನಡನಾಡಿಗೆ ನೇರವಾಗಿ ಸಂಬಂಧಪಟ್ಟುದೊಂದೆಂದರೆ, ಜನರಲ್ ಬೇರ್ಡನು ಟಿಪ್ಪು ಸುಲ್ತಾನನ ಕಳೇಬರವನ್ನು ಕಂಡ ಪ್ರಸಂಗವನ್ನು ಕುರಿತು ಸರ್ ಡೇವಿಡ್ ವಿಲ್ಕಿಯು ಬರೆದ ಚಿತ್ರ. ೧೮೩೯ರಲ್ಲಿ ಲಂಡನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿತವಾದ ಈ ಪಟವು ಈಗ ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಗ್ರಹಕ್ಕೆ ಸೇರಿದೆ. ಇದನ್ನು ಚರಿತ್ರೆಗೆ ಪ್ರಮಾಣವೆಂದು ಸ್ವೀಕರಿಸುವವರು ಮೊದಲು ಇದರ ನಾಯಕನಾರೆಂಬುದನ್ನು ವಿಚಾರಿಸಬೇಕು.

ರಾತ್ರಿಯ ಕತ್ತಲೆ, ಕೋಟೆಯ ಬಾಗಿಲು, ದೀಪದ ಬೆಳಕು. ಕೆಳಗೆ ಸುಲ್ತಾನನ ದೇಹ. ಮೇಲೆ ಖಡ್ಗಪಾಣಿಯಾದ ಬೇರ್ಡ್. ಅವನ ಕಾಲಬಳಿಯಲ್ಲಿ ಕಬ್ಬಿಣದ ಸರಳುಗಳ ಜಾಲಂದ್ರವೊಂದಿದೆ. ಇದೇ ಚಿತ್ರದ ಬೀಜವೆನ್ನಬಹುದು. ೧೭೮೦ರ ಪೊಳ್ಳಿಲೂರಿನ ಕಾಳಗದಲ್ಲಿ ಸೆರೆಸಿಕ್ಕಿದ ಬೇರ್ಡನು ೧೭೮೪ರವರೆಗೆ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದನು. ೧೭೯೯ನೆಯ ಮೇ ೪ರಂದು ಆ ಕೋಟೆಯ ಲಗ್ಗೆಯನ್ನು ನಡೆಸಿದವನೂ ಅವನೇ. ಆದರೆ ಪಟ್ಟಣದ ಅಧಿಕಾರವು ಗವರ್ನರ್ ಜನರಲನ ತಮ್ಮನಾದ ಆರ್ಥರ್ ವೆಲ್ಲೆಸ್ಲಿಗೆ ಹೋಯಿತು. ಬೇರ್ಡನಿಗೆ ಈ ಕೊರಗು ಉಳಿಯಿತು. ೧೮೨೯ರಲ್ಲಿ ಅವನು ಗತಿಸಿದ ತರುವಾಯ ಈ ಪಟವನ್ನು ಬರೆಯಿಸಿದವಳು ಅವನ ಪತ್ನಿ. ದೇಹವಿನ್ನೂ ಬಿಸಿಯಾಗಿದ್ದುದರಿಂದ ಪ್ರಾಣವಿರಬಹುದೆಂದು ತನಗೂ ವೆಲ್ಲೆಸ್ಲಿಗೂ ಸಂಶಯವುಂಟಾಯಿತೆಂದು ಅಲ್ಲಿದ್ದ ಮೇಜರ್ ಅಲನನು ಬರೆದಿರುವನು. ಪಟದಲ್ಲಿಯಾದರೋ ಆ ಘಳಿಗೆಯ ಗೌರವವೆಲ್ಲ ಬೇರ್ಡನದು.

ನಾಯಕನಿಗಾಗಲಿ ರಸಕ್ಕಾಗಲಿ ಅನುಚಿತವಾದುದನ್ನು ತ್ಯಜಿಸಬೇಕು, ಇಲ್ಲವೆ ಅನ್ಯಥಾ ಕಲ್ಪಿಸಬೇಕೆಂದು ದಶರೂಪಕಕಾರನ ವಿಧಿ. ಕಾಳಿದಾಸನು ದುರ್ವಾಸಶಾಪವನ್ನು ತಂದು ದುಷ್ಯಂತನ ದೋಷವನ್ನು ಕಳೆದಂತೆ, ವಿಲ್ಕಿಯು ಜಾಲಂದ್ರವನ್ನಿಟ್ಟು ಬೇರ್ಡನ ಹಕ್ಕನ್ನು ಸ್ಥಾಪಿಸಿದನು. ಕವಿಗೆ ಇದು ಭೂಷಣ, ಇತಿಹಾಸಕಾರನಿಗೆ ಸಲ್ಲದು. ವಿಲ್ಕಿಯು ಹಿಂದೂಸ್ಥಾನವನ್ನು ಕಂಡವನೇ ಅಲ್ಲ. ಬೈಬಲಿನ ಪ್ರಸಂಗಗಳನ್ನು ಆಯಾ ಸ್ಥಳಗಳನ್ನು ನೋಡಿಯೇ ಬರೆಯಬೇಕೆಂದು ೧೮೪೦ರಲ್ಲಿ ಪ್ಯಾಲೆಸ್ತೀನಿನ ಯಾತ್ರೆಗೆ ಹೊರಟು, ಮರಳುವಾಗ ೧೮೪೧ನೆಯ ಜೂನ್ ೧ರಂದು ಜಿಬ್ರಾಲ್ಟರಿನ ಬಳಿ ಹಡಗಿನಲ್ಲಿಯೇ ತೀರಿಕೊಂಡನು. ಜೆರುಸಲೇಮಿಗೆ ತೋರಿಸಿದ ಈ ಶ್ರದ್ಧೆಯು ಶ್ರೀರಂಗಪಟ್ಟಣಕ್ಕೆ ದೊರೆಯಲಿಲ್ಲ!

ಜಾಲಂದ್ರವು ಸ್ಮರಿಸುವುದು ಒಬ್ಬ ಬಂದಿಯನ್ನು ಮಾತ್ರ. ಕೋಟೆ ಬಿದ್ದಾಗ ಅಲ್ಲಿಯ ಸೆರೆಯಿಂದ ಹೊರಬಿದ್ದ ಇನ್ನೊಬ್ಬನು ಧೋಂಡಿಯಾ ವಾಘ್. ಬೆಳಗಾವಿಯ ಸೀಮೆಗೆ ಆ ಪತನದ ಬಿಸಿ ತಟ್ಟಿದುದು ಅವನ ಮೂಲಕ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಕೆಳಗೆ ಮುನವಳ್ಳಿಯನ್ನು ಮುಟ್ಟುವಲ್ಲಿ, ೧೮೦೦ನೆಯ ಜುಲೈ ೩೦ರಂದು, ವೆಲ್ಲೆಸ್ಲಿಯು ಅವನ ಪಾಳೆಯದ ಮೇಲೆ ಬೀಳಲು ಬಹುಜನರು ಹೊಳೆಯ ಪಾಲಾದರು. ಸೆಪ್ಟೆಂಬರ್ ೧೦ರಂದು ಕೋಣಗಲ್ಲಿನಲ್ಲಿ ಧೋಂಡಿಯನೂ ಹತನಾದನು.