ಲಕ್ಷಕ್ಕೊಬ್ಬರ ರೋಗದ ಲೆಕ್ಕಾಚಾರ

ಲಕ್ಷ ಮಕ್ಕಳಲ್ಲಿ ಒಬ್ಬರಿಗೆ ಬರುವ ರೋಗವೆಂದು ಕೇಳಿದೊಡನೆ, ಅದು ನಮ್ಮ ಊರಿಗೆ ಸಂಬಂಧಪಟ್ಟುದಲ್ಲವೆಂದು ನಾವು ನಿಶ್ಚಿಂತರಾಗುತ್ತೇವೆ. ಆದರೆ ಆ ಲಕ್ಷ ಮಕ್ಕಳನ್ನು ಎಣಿಸಿದ್ದು ಎಲ್ಲಿ? ಅಲ್ಲಿಯ ಜನರಲ್ಲಿ ಮದುವೆಗಳು ನಡೆಯುವ ಬಗೆ ಯಾವುದು? ಇವನ್ನು ವಿಚಾರಿಸದೆ ಆ ಸಂಖ್ಯೆಯನ್ನು ನಮ್ಮದೆಂದು ಒಪ್ಪಿಕೊಳ್ಳುವಂತಿಲ್ಲ. ಮೂತ್ರಪಿಂಡಗಳನ್ನು ಕೆಡಿಸುವ ಒಂದು ವಿರಳ ರೋಗವನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ಪರಿಶೀಲಿಸೋಣ.

ಆ ರೋಗದ ಹೆಸರು ಸಿಸ್ಟಿನೋಸಿಸ್. 1903ರಲ್ಲಿ ಎಮಿಲ್ ಅಬ್ಡರ್‌ಹಾಲ್ಡನ್ ಎಂಬ ವಿಜ್ಞಾನಿ ಇದನ್ನು ಮೊದಲು ವರ್ಣಿಸಿದನು. ನಮ್ಮ ಜೀವಕೋಶಗಳಲ್ಲಿ ಲೈಸೋಸೋಮ್ ಎಂಬ ಸೂಕ್ಷ್ಮ ಚೀಲಗಳಿವೆ. ಹಳೆಯ ಪ್ರೋಟೀನುಗಳು ಅಲ್ಲಿ ಒಡೆದು, ಸಿಸ್ಟಿನ್ ಮೊದಲಾದ ಪದಾರ್ಥಗಳು ಹೊರಬರುತ್ತವೆ. ಸಿಸ್ಟಿನನ್ನು ಹೊರಕ್ಕೆ ಸಾಗಿಸುವ ಬಾಗಿಲು ಕೆಟ್ಟಿದ್ದರೆ ಅದು ಒಳಗೇ ಶೇಖರವಾಗಿ ಹರಳುಗಟ್ಟುತ್ತದೆ. ಹುಟ್ಟಿದಾಗ ಆರೋಗ್ಯವಾಗಿಯೇ ಕಾಣುವ ಮಗು, ಆರು ತಿಂಗಳಾದ ಮೇಲೆ ಬೆಳವಣಿಗೆಯಲ್ಲಿ ಹಿಂದೆ ಬೀಳುತ್ತದೆ. ಪದೇ ಪದೇ ನೀರು ಬೇಡುತ್ತದೆ, ಬಹಳವಾಗಿ ಮೂತ್ರ ಮಾಡುತ್ತದೆ. ಕಾಲಿನ ಎಲುಬುಗಳು ಬಾಗುತ್ತವೆ. ಚಿಕಿತ್ಸೆ ದೊರೆಯದಿದ್ದರೆ ಸಾಮಾನ್ಯವಾಗಿ ಹತ್ತು ವರ್ಷದ ಸುಮಾರಿಗೆ ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತವೆ.

ಈ ರೋಗ ಒಂದರಿಂದ ಎರಡು ಲಕ್ಷ ಶಿಶುಗಳಲ್ಲಿ ಒಂದಕ್ಕೆ ಬರುವುದೆಂದು ಪಠ್ಯಗ್ರಂಥಗಳು ಹೇಳುತ್ತವೆ. ಆದರೆ ಫ್ರಾನ್ಸಿನಲ್ಲಿ 1976ರಲ್ಲಿ ಪ್ರಕಟವಾದ ಎಣಿಕೆಯನ್ನು ನೋಡಿ: ಬ್ರಿಟನಿ ಪ್ರಾಂತದಲ್ಲಿ ಸುಮಾರು 26,000 ಶಿಶುಗಳಿಗೆ ಒಂದು, ದೇಶದ ಉಳಿದ ಭಾಗದಲ್ಲಿ ಸುಮಾರು 3,26,000ಕ್ಕೆ ಒಂದು. ಒಂದೇ ದೇಶದೊಳಗೆ ಹನ್ನೆರಡು ಪಟ್ಟು ಅಂತರ! ರೋಗ ಒಂದೇ, ಜನಸಮುದಾಯಗಳು ಬೇರೆ.

ಕಾರಣವನ್ನು ತಿಳಿಯಲು ಸ್ವಲ್ಪ ಗಣಿತ ಸಾಕು. ಪ್ರತಿಯೊಂದು ವಂಶವಾಹಿಯೂ ನಮ್ಮಲ್ಲಿ ಎರಡು ಪ್ರತಿಗಳಾಗಿರುತ್ತದೆ. ಒಂದು ತಾಯಿಯಿಂದ, ಒಂದು ತಂದೆಯಿಂದ. ಸಿಸ್ಟಿನೋಸಿಸ್ ಬರಬೇಕಾದರೆ ಎರಡೂ ಪ್ರತಿಗಳು ಕೆಟ್ಟಿರಬೇಕು. 300 ಪ್ರತಿಗಳಲ್ಲಿ ಒಂದು ಕೆಟ್ಟಿದೆಯೆಂದು ಭಾವಿಸೋಣ. ಎರಡು ಕೆಟ್ಟ ಪ್ರತಿಗಳು ಒಂದೇ ಶಿಶುವಿನಲ್ಲಿ ಕೂಡುವ ಸಂಭವ 1/300 × 1/300, ಎಂದರೆ 90,000ಕ್ಕೆ ಒಂದು. ಆದರೆ ಒಂದೇ ಕೆಟ್ಟ ಪ್ರತಿಯನ್ನು ಹೊತ್ತು ಆರೋಗ್ಯವಾಗಿರುವವರು ಸುಮಾರು 150 ಜನರಲ್ಲಿ ಒಬ್ಬರು! 2011ರ ಜನಗಣತಿಯಂತೆ ಬೀದರ ಜಿಲ್ಲೆಯ ಜನಸಂಖ್ಯೆ 17,03,300. ನಮ್ಮ ಊಹೆಯ ಪ್ರಮಾಣವನ್ನು ಇಲ್ಲಿಗೆ ಅನ್ವಯಿಸಿದರೆ ಇಂಥ ವಾಹಕರು ಹನ್ನೊಂದು ಸಾವಿರಕ್ಕೂ ಮಿಕ್ಕುತ್ತಾರೆ. ರೋಗ ವಿರಳ, ರೋಗದ ಬೀಜ ವಿರಳವಲ್ಲ.

ಇನ್ನು ಸೋದರಿಕೆಯ ಮದುವೆಗಳನ್ನು ನೋಡೋಣ. ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ತರುವುದು ನಮ್ಮಲ್ಲಿ ಪರಿಚಿತ ಪದ್ಧತಿ. ಅಂಥ ದಂಪತಿಗಳಿಗೆ ಅಜ್ಜ ಅಜ್ಜಿಯರ ಒಂದು ಜೋಡಿ ಸಮಾನ. ಆ ಇಬ್ಬರಲ್ಲಿ ಒಂದು ವಂಶವಾಹಿಯ ನಾಲ್ಕು ಪ್ರತಿಗಳಿವೆ. ಅವುಗಳಲ್ಲಿ ಯಾವುದಾದರೂ ಒಂದು, ತಂದೆಯ ಕವಲಿನಿಂದ ಮೂರು ಮೆಟ್ಟಿಲಿಳಿದು ಶಿಶುವನ್ನು ಸೇರುವ ಸಂಭವ 1/8. ತಾಯಿಯ ಕವಲಿನಿಂದಲೂ 1/8. ಎರಡೂ ಕಡೆಯಿಂದ ಅದೇ ಪ್ರತಿ ಬರುವ ಸಂಭವ 1/64. ನಾಲ್ಕು ಪ್ರತಿಗಳಿಗೆ 4/64, ಎಂದರೆ 1/16. ಆ ಪ್ರತಿ ಕೆಟ್ಟದ್ದಾಗಿರುವ ಸಂಭವ 1/300. ಇವನ್ನು ಗುಣಿಸಿ, ಎರಡು ಬೇರೆ ಬೇರೆ ಕೆಟ್ಟ ಪ್ರತಿಗಳು ಆಕಸ್ಮಿಕವಾಗಿ ಕೂಡುವ ಅಲ್ಪ ಸಂಭವವನ್ನೂ ಸೇರಿಸಿದರೆ ಸುಮಾರು 4,570ಕ್ಕೆ ಒಂದು ಎಂಬ ಉತ್ತರ ಬರುತ್ತದೆ. ಅಕ್ಕನ ಮಗಳನ್ನೇ ಮದುವೆಯಾದಾಗ 1/16ರ ಸ್ಥಾನದಲ್ಲಿ 1/8 ಬಂದು, ಅದು ಸುಮಾರು 2,345ಕ್ಕೆ ಒಂದಾಗುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಗಳಲ್ಲಿ ನೂರಕ್ಕೆ 27 ರಕ್ತಸಂಬಂಧಿಗಳೊಳಗಿನವು; ಇಡೀ ದೇಶದಲ್ಲಿ ನೂರಕ್ಕೆ 11. ಈ 27ನ್ನೂ ಮೇಲೆ ಹೇಳಿದ ಮೊದಲ ಬಗೆಯವೆಂದೇ ಎಣಿಸಿದರೆ, 90,000ಕ್ಕೆ ಒಂದಿದ್ದುದು ಸುಮಾರು 15,000ಕ್ಕೆ ಒಂದಾಗುತ್ತದೆ. ರೋಗಿಗಳಾದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಆ 27 ಮನೆಗಳಿಗೆ ಸೇರಿದವರಾಗಿರುತ್ತಾರೆ.

ಇದು ಲೆಕ್ಕವೇ ಹೊರತು ಎಣಿಕೆಯಲ್ಲ ಎಂಬುದನ್ನು ವಾಚಕರು ಮರೆಯಬಾರದು. ಅನೇಕ ತಲೆಮಾರುಗಳಿಂದ ಸೋದರಿಕೆ ನಡೆದಿರುವ ಸಮುದಾಯಗಳಲ್ಲಿ ಕೆಟ್ಟ ಪ್ರತಿಗಳೇ ಕ್ರಮೇಣ ಕಡಿಮೆಯಾಗಿರಬಹುದೆಂಬ ವಾದವೂ ಉಂಟು. ಅಲ್ಲದೆ, ಅತ್ತೆಯ ಮಗಳನ್ನು ಮದುವೆಯಾದವರ ಮಕ್ಕಳಲ್ಲಿಯೂ 4,570ರಲ್ಲಿ 4,569 ಮಂದಿಗೆ ಈ ರೋಗವಿಲ್ಲ. ಹೊಲ ಮನೆಗಳು ಒಡೆಯದಿರಲಿ, ಮಗಳು ಪರಿಚಿತರ ನಡುವೆ ಬಾಳಲಿ ಎಂದು ಹಿರಿಯರು ಮಾಡಿದ ಏರ್ಪಾಡನ್ನು ಜರೆಯುವುದು ಈ ಲೇಖನದ ಉದ್ದೇಶವಲ್ಲ. ನಿಜವಾದ ಎಣಿಕೆ ಬೇಕೆಂಬುದೇ ಉದ್ದೇಶ. ವಿರಳ ರೋಗಗಳ ಬಗೆಗೆ ಭಾರತದಲ್ಲಿ ಸಾಕಷ್ಟು ಅಂಕಿ ಅಂಶಗಳಿಲ್ಲವೆಂದು 2021ರ ರಾಷ್ಟ್ರೀಯ ವಿರಳ ರೋಗ ನೀತಿಯೇ ಒಪ್ಪಿಕೊಂಡಿದೆ.

ಎಣಿಕೆಗೆ ಮೊದಲು ಗುರುತಿಸುವಿಕೆ. ಬಾಗಿದ ಕಾಲುಗಳನ್ನು ಕಂಡು ಸಾಧಾರಣ ರಿಕೆಟ್ಸ್ ಎಂದು ಭಾವಿಸಿ ಡಿ ಜೀವಸತ್ವವನ್ನು ಮಾತ್ರ ಕೊಡುತ್ತಾ ಹೋದರೆ, ಅಮೂಲ್ಯವಾದ ವರ್ಷಗಳು ಕಳೆದುಹೋಗುತ್ತವೆ. ರಕ್ತದಲ್ಲಿ ಸಕ್ಕರೆ ಸರಿಯಾಗಿದ್ದೂ ಮೂತ್ರದಲ್ಲಿ ಸಕ್ಕರೆ ಕಂಡರೆ ಮೂತ್ರಪಿಂಡವನ್ನು ಶಂಕಿಸಬೇಕು. ಒಂದೂವರೆ ವರ್ಷದ ಹೊತ್ತಿಗೆ ಕಣ್ಣಿನ ಪಾರದರ್ಶಕ ಪಟಲದಲ್ಲಿಯೂ ಹರಳುಗಳು ಮೂಡಿರುತ್ತವೆ. ಕಣ್ಣಿನ ವೈದ್ಯರು ಕಿರಿದಾದ ಬೆಳಕಿನ ಪಟ್ಟಿಯನ್ನು ಹಾಯಿಸಿದಾಗ ಅವು ಥಳಥಳಿಸುತ್ತವೆ. ಅಮೆರಿಕದಲ್ಲಿ 1994ರಲ್ಲಿ ಅನುಮತಿ ಪಡೆದ ಸಿಸ್ಟಿಯಮೀನ್ ಔಷಧಿಯನ್ನು ಬೇಗ ಆರಂಭಿಸಿ ತಪ್ಪದೆ ಕೊಟ್ಟರೆ, ಮೂತ್ರಪಿಂಡಗಳು ಸೋಲುವುದನ್ನು ಅನೇಕ ವರ್ಷ ಮುಂದೂಡಬಹುದು. ದೋಷವಿರುವ ವಂಶವಾಹಿಯನ್ನು 1998ರಲ್ಲಿ ಗುರುತಿಸಲಾಯಿತು. ಮೊದಲ ಮಗುವಿಗೆ ರೋಗವಿದ್ದರೆ ಮುಂದಿನ ಪ್ರತಿಯೊಂದು ಗರ್ಭದಲ್ಲಿಯೂ ನಾಲ್ಕಕ್ಕೊಂದು ಸಂಭವವುಂಟು. ಅಂಥ ದಂಪತಿಗಳು ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಂಥ ಸಂಸ್ಥೆಗಳಲ್ಲಿ ಸಲಹೆ ಪಡೆಯಬಹುದು.

ಕಮಲನಗರದಂಥ ಗಡಿ ತಾಲೂಕಿನಿಂದ ಬೆಂಗಳೂರು ದೂರ. ಆದರೆ ಬಾಯಾರಿ ಅಳುವ, ಬೆಳೆಯದೆ ಉಳಿದ ಮಗುವನ್ನು ಭಾಲ್ಕಿ, ಔರಾದ್, ಬೀದರಗಳ ದವಾಖಾನೆಗೆ ತಂದ ತಾಯಿಯನ್ನು "ಮದುವೆ ಸೋದರಿಕೆಯಲ್ಲಿ ಆದುದೆ?" ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆದಿಡಲು ಯಾವ ಯಂತ್ರವೂ ಬೇಡ. ನಮ್ಮ ನೆಲದ ನಿಜವಾದ ಸಂಖ್ಯೆ ಅಂಥ ಚೀಟಿಗಳಿಂದಲೇ ಕೂಡಿಬರಬೇಕು.