ಕಂಬದ ಮುಂದೆ ನಿಂತ ತಂದೆ

ರಾಯಚೂರು ಸೀಮೆಯವರಿಗೆ ಪ್ರಹ್ಲಾದನ ಕಥೆ ದೂರದ ಪುರಾಣವಲ್ಲ. ನೆರೆಯ ಮಂತ್ರಾಲಯದ ರಾಘವೇಂದ್ರಸ್ವಾಮಿಗಳು ಪ್ರಹ್ಲಾದನ ಅವತಾರವೆಂದೂ, ‘ಹರಿಕಥಾಮೃತಸಾರ’ವನ್ನು ರಚಿಸಿದ ಮಾನ್ವಿಯ ಜಗನ್ನಾಥದಾಸರು ಅವನ ಸೋದರ ಸಹ್ಲಾದನ ಅಂಶವೆಂದೂ ಇಲ್ಲಿನ ಭಕ್ತರ ನಂಬಿಕೆ. ಮಾನ್ವಿಯ ಮನೆಯ ಕಂಬವೊಂದರಲ್ಲಿ ದಾಸರು ಇಂದಿಗೂ ಸನ್ನಿಹಿತರಾಗಿದ್ದಾರಂತೆ. ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು ಈ ಶಿಷ್ಯನಿಗೆ ತಮ್ಮ ಆಯುಷ್ಯದಿಂದಲೇ 40 ವರ್ಷಗಳನ್ನು ಧಾರೆಯೆರೆದರೆಂಬುದು ಇನ್ನೊಂದು ಐತಿಹ್ಯ.

ಗುರುವೇ ಆಯುಷ್ಯವನ್ನಿತ್ತ ಇಂಥ ನೆಲದಲ್ಲಿ, ಮಗನ ಆಯುಷ್ಯವನ್ನು ಕಸಿಯಹೊರಟ ಹಿರಣ್ಯಕಶಿಪುವಿಗೆ ಮರುಕ ದೊರೆಯುವುದು ಸುಲಭವೇ? 1983ರ ‘ಭಕ್ತ ಪ್ರಹ್ಲಾದ’ ಚಿತ್ರದಲ್ಲಿ ಆ ಮರುಕವನ್ನು ದೊರಕಿಸಿಕೊಟ್ಟವರು ರಾಜಕುಮಾರ್.

ಇದು ವಿಸ್ಮಯದ ಸಂಗತಿ. 1954ರಲ್ಲಿ ಬೇಡರ ಕಣ್ಣಪ್ಪನಾಗಿ ಬಂದು, ಕನಕದಾಸ, ಕಬೀರರಾಗಿ ಮನಸ್ಸಿನಲ್ಲಿ ನೆಲೆಸಿದ ನಟ ಅವರು. ‘ಮಂತ್ರಾಲಯ ಮಹಾತ್ಮೆ’ಯಲ್ಲಿ ಸ್ವತಃ ರಾಘವೇಂದ್ರಸ್ವಾಮಿಗಳಾಗಿದ್ದವರು. ಪ್ರಹ್ಲಾದನ ಅವತಾರವೆನಿಸಿದವರ ಪಾತ್ರ ಧರಿಸಿದ ಕಲಾವಿದನೇ ಪ್ರಹ್ಲಾದನ ವೈರಿಯಾದದ್ದು ಎಂಥ ಯೋಗ! ಹಿಂದೆ ‘ಭೂಕೈಲಾಸ’ದ ರಾವಣ, ‘ಮಹಿಷಾಸುರ ಮರ್ದಿನಿ’ಯ ಮಹಿಷನ ಪಾತ್ರಗಳಲ್ಲಿ ಅವರು ಅಸುರರ ಠೀವಿಯನ್ನು ಅಭ್ಯಸಿಸಿದ್ದರು, ನಿಜ. ಆದರೆ ಇಲ್ಲಿ ಠೀವಿಯ ಒಳಗೊಬ್ಬ ತಂದೆಯಿದ್ದಾನೆ. ಎದುರಿಗೆ ಪ್ರಹ್ಲಾದನಾಗಿ ನಿಂತ ಬಾಲಕನಾದರೋ ಅವರ ಸ್ವಂತ ಮಗ. ಅಂದಿನ ಲೋಹಿತ್, ಮುಂದಿನ ಪುನೀತ್.

ಇಂದಿನ ವಿದ್ಯಾರ್ಥಿಗಳು ಖಳಾಭಿನಯಕ್ಕೆ ಅತಿಮಾನುಷ ವೀರರ ಇಂಗ್ಲಿಷ್ ಚಿತ್ರಗಳತ್ತ ಬೆರಳು ತೋರುತ್ತಾರೆ. 2008ರ ‘ದ ಡಾರ್ಕ್ ನೈಟ್’ನಲ್ಲಿ ಜೋಕರನಾದ ಹೀತ್ ಲೆಡ್ಜರ್‌ಗೆ ಮರಣಾನಂತರ ಆಸ್ಕರ್ ಪ್ರಶಸ್ತಿ ಸಂದಿತು, ಅದು ಯೋಗ್ಯವಾದ ಮನ್ನಣೆಯೇ. ಆ ಖಳನಿಗೆ ನಂಬಬಹುದಾದ ಪೂರ್ವಕಥೆಯಿಲ್ಲ. ಕೇಡಿಗೆ ಕಾರಣ ತಿಳಿಯದಿರುವುದೇ ಅವನ ಭೀಕರತೆ. ನಮ್ಮ ಹಿರಣ್ಯಕಶಿಪುವಿಗೆ ಕಾರಣವುಂಟು. ಸೋದರ ಹಿರಣ್ಯಾಕ್ಷನನ್ನು ವರಾಹರೂಪಿಯಾಗಿ ಕೊಂದವನು ವಿಷ್ಣು. ಮುದ್ದಿನ ಮಗನ ನಾಲಗೆಯಲ್ಲಿ ಸದಾ ಆ ವೈರಿಯ ಹೆಸರು. ರಾಜಕುಮಾರರ ಗರ್ಜನೆಯಲ್ಲಿ ದ್ವೇಷಕ್ಕಿಂತ ಹೆಚ್ಚಾಗಿ ಕೇಳಿಬರುವುದು ನೊಂದ ಪ್ರೀತಿ. ಆ ತುಂಬುಕಂಠ ಎಷ್ಟು ಮೇಲೇರಿದರೂ ಒಂದಕ್ಷರ ಸವೆಯುವುದಿಲ್ಲ. ಅದು ರಂಗಭೂಮಿಯ ಶಿಕ್ಷಣ.

ಖಳನನ್ನು ಕುಗ್ಗಿಸಿದರೆ ಅವನೆದುರು ಪ್ರಕಟವಾಗುವ ನರಸಿಂಹನೂ ಕುಗ್ಗುತ್ತಾನೆ. ಹುಡುಗನ ಭಕ್ತಿಯೂ ಅಗ್ಗವಾಗುತ್ತದೆ. ಜಯವಿಜಯರ ಕಥೆ ಬಲ್ಲವರಿಗೆ ಈ ಅಸುರ ವೈಕುಂಠದ ದ್ವಾರಪಾಲಕನೇ ಅಲ್ಲವೆ? ಕಂಬದ ಮುಂದೆ ಗದೆಯೆತ್ತಿ ನಿಂತ ರಾಜಕುಮಾರರನ್ನು ನೋಡುವಾಗ ಅನಿಸುವುದಿಷ್ಟು: ದೇವರು ಇರುವನೇ ಎಂದು ಮಗನಿಗಿಂತ ಆತುರದಿಂದ ಕೇಳುತ್ತಿರುವವನು ತಂದೆಯೇ.